ದುರ್ಭಿಕ್ಷದಿಂದ ಸುಭಿಕ್ಷದೆಡೆಗೆ

(ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಗ್ರಾಮವೊಂದರಲ್ಲಿ ಸದ್ಭಕ್ತರು ಕೂಡಿ ಆರಂಭಿಸಿದ ಸಾಮುದಾಯಿಕ ತೋಟ ಹಾಗೂ ವಿದ್ಯಾರ್ಥಿನಿಲಯದ ಭೂಮಿಪೂಜೆಯ ಸಂದರ್ಭದಲ್ಲಿ ಶ್ರೀಗಳವರು ದಯಪಾಲಿಸಿದ ಆಶೀರ್ವಚನ)



ಇಂದು ಬೆಳಿಗ್ಗೆ ಈ ಹೊಲದ ಈಶಾನ್ಯ ಮೂಲೆಯಲ್ಲಿ ಭೂಮಿಪೂಜೆ ನೆರವೇರಿತು. ಹಿರಿಯರು ಅರಿಸಿನ ಕುಂಕುಮ ಹಚ್ಚಿದ ಹೊಸ ಗುದ್ದಲಿಯನ್ನು ನಮ್ಮ ಕೈಗೆ ಕೊಟ್ಟರು. ನಾವು ಮೂರು ಸಲ ಹಾಕಿದೆವು. ಮೂರು ಸಲವೂ ಗುದ್ದಲಿ ನೆಲಕ್ಕೆ ಇಳಿಯದೆ ಮೇಲಕ್ಕೆ ಪುಟಿಯಿತು. ಪಕ್ಕದಲ್ಲಿ ನಿಂತಿದ್ದ ವೃದ್ಧ ತಾಯಿಯೊಬ್ಬರು, ‘ಬುದ್ಧೀ, ಮಳೆ ಬಂದಿದ್ರೆ ನೆಲ ನಿಮ್ ಮಾತು ಕೇಳ್ತಿತ್ತು’ ಎಂದರು. ಎಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ವಿಚಾರ ಮಾಡಿ ನೋಡಿದರೆ ಅದು ನಗೆಯ ಮಾತಲ್ಲ. ಈ ನೆಲ ಸ್ವಾಮಿಗಳ ಮಾತನ್ನು ಕೇಳುವುದಿಲ್ಲ, ಸರ್ಕಾರದ ಮಾತನ್ನೂ ಕೇಳುವುದಿಲ್ಲ. ಅದು ಕೇಳುವುದು ಎರಡೇ ಮಾತನ್ನು. ಒಂದು ಮಳೆಯದು, ಇನ್ನೊಂದು ಬೆವರಿನದು. ಮಳೆ ನಮ್ಮ ಕೈಯಲ್ಲಿಲ್ಲ. ಬೆವರು ನಮ್ಮ ಕೈಯಲ್ಲಿದೆ. ಇಂದು ನಾವು ಆಡಬೇಕೆಂದಿರುವುದು ಈ ಎರಡನೆಯ ಮಾತನ್ನು ಕುರಿತು.

ನಿಮ್ಮ ಸೀಮೆಯ ಕಥೆಯನ್ನು ನಿಮಗೇ ಹೇಳುವುದು ಉಪಚಾರದ ಮಾತಾದೀತು. ಆದರೂ ಮಕ್ಕಳು ಕುಳಿತಿದ್ದಾರೆ, ಅವರು ತಿಳಿಯಬೇಕು. ಕರ್ನಾಟಕದಲ್ಲಿ ಅತಿ ಕಡಿಮೆ ಮಳೆ ಬೀಳುವ ಸ್ಥಳಗಳನ್ನು ಎಣಿಸುವಾಗ ಚಳ್ಳಕೆರೆಯ ಹೆಸರು ಮೊದಲ ಸಾಲಿನಲ್ಲಿಯೇ ಬರುತ್ತದೆ. ಅರಬ್ಬೀ ಸಮುದ್ರದಿಂದ ಬರುವ ಮೋಡಗಳು ಸಹ್ಯಾದ್ರಿಯ ಮೇಲೆ ತಮ್ಮ ಭಾರವನ್ನು ಇಳಿಸಿ ಹಗುರವಾಗಿ ನಿಮ್ಮ ತಲೆಯ ಮೇಲೆ ಹಾದುಹೋಗುತ್ತವೆ. ಬಾಬಾಬುಡನ್‌ಗಿರಿಯ ಕಡೆಯಿಂದ ಹರಿದು ಬರುವ ವೇದಾವತಿಗೆ ಹಿರಿಯೂರಿನ ಮಾರಿಕಣಿವೆಯಲ್ಲಿ ಮೈಸೂರು ಅರಸರ ಕಾಲದಲ್ಲಿ ಅಣೆಕಟ್ಟು ಕಟ್ಟಿದರು. ಅದು 1907ರಲ್ಲಿ ಪೂರ್ಣವಾಯಿತು. ಆ ವಾಣಿವಿಲಾಸಸಾಗರ 1933ರಲ್ಲಿ ತುಂಬಿ ಕೋಡಿ ಹರಿಯಿತು. ಮತ್ತೆ ಕೋಡಿ ಹರಿದದ್ದು 2022ರಲ್ಲಿ. ನಡುವೆ 89 ವರ್ಷಗಳು! ಒಂದು ಸಾಗರ ಕೋಡಿ ಬೀಳುವುದನ್ನು ಕಾಣಲು ಮೂರು ತಲೆಮಾರು ಕಾದ ಸೀಮೆ ಇದು. ಇಲ್ಲಿನ ಜನರಿಗೆ ತಾಳ್ಮೆಯ ಪಾಠವನ್ನು ಯಾವ ಸ್ವಾಮಿಗಳೂ ಹೇಳಿಕೊಡಬೇಕಾಗಿಲ್ಲ.

ಪ್ರಾದೇಶಿಕ ಅಸಮತೋಲನವನ್ನು ಕುರಿತು 2002ರಲ್ಲಿ ವರದಿ ನೀಡಿದ ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ ಚಳ್ಳಕೆರೆ, ಮೊಳಕಾಲ್ಮೂರು ಎರಡನ್ನೂ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿಸಿತು. ಅದು ಸತ್ಯವೇ. ಆದರೆ ‘ಹಿಂದುಳಿದದ್ದು’ ಎಂಬ ಹೆಸರನ್ನು ಮೇಲಿಂದ ಮೇಲೆ ಕೇಳಿ ಕೇಳಿ, ಅಕ್ಷರಕ್ಕೂ ನಮಗೂ ಸಂಬಂಧವೇ ಇಲ್ಲವೆಂದು ನೀವು ಭಾವಿಸಬಾರದು. ನಮ್ಮ ನಾಡಿನಲ್ಲಿ ಬಂಡೆಯ ಮೇಲೆ ಅಕ್ಷರ ಕೊರೆದ ಅತ್ಯಂತ ಪ್ರಾಚೀನ ಸ್ಥಳಗಳಲ್ಲಿ ಮೂರು ನಿಮ್ಮ ಮೊಳಕಾಲ್ಮೂರು ತಾಲ್ಲೂಕಿನಲ್ಲಿಯೇ ಇವೆ: ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ. ಅಶೋಕ ಚಕ್ರವರ್ತಿಯ ಈ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಆ ಬಂಡೆಯ ಮೇಲೆ ಏನಿದೆ ಬಲ್ಲಿರಾ? ದಂಡಯಾತ್ರೆಯ ಸುದ್ದಿಯಿಲ್ಲ, ತೆರಿಗೆಯ ಸುದ್ದಿಯಿಲ್ಲ. ತಾಯಿತಂದೆಗಳ ಮಾತನ್ನು ನಡೆಸಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನಾದವನು ಗುರುವನ್ನು ಗೌರವಿಸಬೇಕು ಎಂಬ ಅರ್ಥದ ಮಾತುಗಳಿವೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರೂ ಇದೆ. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದೆ ಗುರುಶಿಷ್ಯರ ಧರ್ಮವನ್ನು ಕಲ್ಲಿನಲ್ಲಿ ಕೊರೆಸಿಕೊಂಡ ನೆಲ ಇದು. ಇತ್ತ ಚಳ್ಳಕೆರೆ ತಾಲ್ಲೂಕಿನ ತಳುಕಿಗೆ ಬನ್ನಿ. ಕುವೆಂಪು ಅವರು ತಮ್ಮ ‘ಶ್ರೀರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿದ್ದು ತಮ್ಮ ಗುರುಗಳಾದ ತಳುಕಿನ ವೆಂಕಣ್ಣಯ್ಯನವರಿಗೆ. ಹೀಗಿರಲು ಇಲ್ಲಿ ಕೊರತೆಯಾದದ್ದು ಬುದ್ಧಿಯಲ್ಲ. ಕೊರತೆಯಾದದ್ದು ಅನ್ನ. ಅನ್ನ ತಪ್ಪಿದ ಮನೆಯಲ್ಲಿ ಅಕ್ಷರ ನಿಲ್ಲುವುದಿಲ್ಲ.

ಸದ್ಭಕ್ತರೇ, ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವರು. ಯಾವ ಶಬ್ದ ಕಿವಿಗೆ ಬಿದ್ದರೂ ಅದನ್ನು ಬಿಡಿಸಿ ನೋಡುವುದು ನಮ್ಮ ಅಭ್ಯಾಸ. ನೀವು ‘ಬರ’ ಎನ್ನುವುದನ್ನು ಸಂಸ್ಕೃತದಲ್ಲಿ ‘ದುರ್ಭಿಕ್ಷ’ ಎನ್ನುತ್ತಾರೆ. ಬೆಳೆ ಚೆನ್ನಾಗಿ ಬಂದ ಕಾಲವನ್ನು ‘ಸುಭಿಕ್ಷ’ ಎನ್ನುತ್ತಾರೆ. ಎರಡೂ ಅವ್ಯಯೀಭಾವ ಸಮಾಸಗಳು. ಭಿಕ್ಷೆಯ ಸಮೃದ್ಧಿ ಸುಭಿಕ್ಷ. ಭಿಕ್ಷೆಯ ಅಭಾವ ದುರ್ಭಿಕ್ಷ. ಎಂಥ ಸೂಕ್ಷ್ಮವಾದ ಮಾತು ನೋಡಿ. ನಮ್ಮ ಪೂರ್ವಿಕರು ಬರಗಾಲವನ್ನು ಮಳೆಯ ಅಂಗುಲದಿಂದ ಅಳೆಯಲಿಲ್ಲ, ಕಣಜದ ಪಲ್ಲದಿಂದ ಅಳೆಯಲಿಲ್ಲ. ಹೊಸ್ತಿಲಿಗೆ ಬಂದವನ ಜೋಳಿಗೆಗೆ ಒಂದು ಹಿಡಿ ಬಿತ್ತೋ ಇಲ್ಲವೋ ಎಂಬುದರಿಂದ ಅಳೆದರು. ಆಕಾಶ ಬರಿದಾಗುವುದು ಒಂದು ಬರ. ಕೊಡುವ ಕೈ ಬರಿದಾಗುವುದು ನಿಜವಾದ ದುರ್ಭಿಕ್ಷ.

ಆದರೆ ಈ ಭಿಕ್ಷೆಯೆಂಬ ಶಬ್ದಕ್ಕೆ ಹೊಸ ಅರ್ಥವನ್ನು ಕೊಟ್ಟ ಮಹಾನುಭಾವರು ನಿಮ್ಮ ಸೀಮೆಯವರೇ. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಗಳ ಹೆಸರನ್ನು ಕೇಳದ ಮನೆ ಇಲ್ಲಿ ಉಂಟೆ? ಫಾಲ್ಗುಣ ಮಾಸದ ರಥೋತ್ಸವಕ್ಕೆ ನೀವೆಲ್ಲ ಗಾಡಿ ಕಟ್ಟಿಕೊಂಡು, ಇತ್ತೀಚೆಗೆ ಟ್ರ್ಯಾಕ್ಟರಿನಲ್ಲಿ, ಹೋಗುತ್ತೀರಿ, ಕೊಬ್ಬರಿ ಸುಡುತ್ತೀರಿ, ಹೊರಮಠ, ಒಳಮಠಗಳಲ್ಲಿ ಅಡ್ಡಬೀಳುತ್ತೀರಿ. ಅಲ್ಲಿ ಜಾತಿಯ ಗೊಡವೆಯಿಲ್ಲ. ಎಲ್ಲರ ಮನೆಯ ದೇವರು ತಿಪ್ಪೇಸ್ವಾಮಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ವಾಣಿಯನ್ನು ಲಾರಿಗಳ ಮೇಲೆ ಬರೆಸಿದ್ದೀರಿ, ಮನೆಯ ಬಾಗಿಲ ಮೇಲೆ ಬರೆಸಿದ್ದೀರಿ. ಬರೆಸಿದವರಲ್ಲಿ ಎಷ್ಟು ಮಂದಿ ಅದನ್ನು ನಿಂತು ಓದಿದ್ದೀರಿ?

ಆ ಮಹಾಶಿವಯೋಗಿಗಳು ಈ ಒಣನೆಲಕ್ಕೆ ಬಂದು ಮೊದಲು ಮಾಡಿದ್ದೇನು? ಕೆರೆ ಕಟ್ಟಿಸಿದರು. ಒಂದಲ್ಲ, ಐದು ಕೆರೆಗಳೆಂದು ಹಿರಿಯರು ಹೇಳುತ್ತಾರೆ. ಮಣ್ಣು ಹೊತ್ತವರಿಗೆ ಅವರವರು ದುಡಿದಷ್ಟು ಕೂಲಿಯನ್ನು ಕೊಟ್ಟರೆಂಬುದು ಪ್ರತೀತಿ. ಇವನು ನಮ್ಮವನೆಂದು ಹೆಚ್ಚಿಲ್ಲ, ಅವನು ಪರರವನೆಂದು ಕಡಿಮೆಯಿಲ್ಲ. ಬರದಲ್ಲಿ ಹಸಿದ ಜನರನ್ನು ಅವರು ಸಾಲಾಗಿ ನಿಲ್ಲಿಸಿ ಕೈಯೊಡ್ಡಿಸಲಿಲ್ಲ. ಕೈಗೆ ಬುಟ್ಟಿ ಕೊಟ್ಟರು. ಸಂಜೆಗೆ ಆ ಬುಟ್ಟಿಯ ಲೆಕ್ಕದಲ್ಲಿ ಅನ್ನ ಕೊಟ್ಟರು. ಊರಿಗೆ ಕೆರೆ ಉಳಿಯಿತು, ಉಂಡವನಿಗೆ ಮಾನ ಉಳಿಯಿತು. ಹೀಗೆ ಭಿಕ್ಷೆಯು ಕೂಲಿಯಾಯಿತು, ಕೂಲಿಯು ಪ್ರಸಾದವಾಯಿತು. ಬಸವಾದಿ ಶರಣರು ಕಾಯಕ ಮತ್ತು ದಾಸೋಹ ಎಂಬ ಎರಡು ಮಾತುಗಳಲ್ಲಿ ಹೇಳಿದ್ದನ್ನು ಈ ಗುರುಗಳು ಕೆರೆಯ ಏರಿಯ ಮೇಲೆ ನಿಂತು ಒಂದೇ ಮಾತಿನಲ್ಲಿ ಹೇಳಿದರು.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಚರಿತ್ರೆ ನಿಮಗೆ ಗೊತ್ತಿದೆ. ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಶರಣರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ. ಈ ಆಸೆ ಎಲ್ಲಿಂದ ಬಂತೆಂದು ಕೇಳಿದಳು. ನಮಗೆ ಬೇಕಾದಷ್ಟನ್ನು ಮಾತ್ರ ಇಟ್ಟು ಉಳಿದದ್ದನ್ನು ಅಲ್ಲಿಯೇ ಸುರಿದು ಬಾ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ದುಡಿಯದೆ ಬಂದದ್ದು ದಾಸೋಹಕ್ಕೂ ಸಲ್ಲದೆಂಬುದು ಆ ತಾಯಿಯ ನಿರ್ಣಯ. ಪಂಡಿತರು ‘ಸೋಽಹಂ’ ಎನ್ನುತ್ತಾರೆ. ಅವನೇ ನಾನು ಎಂದು ಅದರ ಅರ್ಥ. ಶರಣರು ‘ದಾಸೋಽಹಂ’ ಎಂದರು. ನಾನು ದಾಸನು ಎಂದರ್ಥ. ಒಂದೇ ಒಂದು ‘ದಾ’ ಸೇರಿದರೆ ಅಹಂಕಾರ ಅಡಗುತ್ತದೆ. ಕೊಡುವವನು ಒಡೆಯನಲ್ಲ, ದಾಸ. ಅದನ್ನು ಮರೆತರೆ ದಾಸೋಹವೂ ದರ್ಪವಾಗುತ್ತದೆ.

ಈಗ ನಮ್ಮದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಸಬೇಕು. ಸಭೆಯಲ್ಲಿ ಇದನ್ನು ಹೇಳುವುದು ಬೇಡವೆಂದು ನಮ್ಮ ಮಠದ ಹಿರಿಯರು ಬಿನ್ನವಿಸಿದರು. ಆದರೆ ಇಂದು ಹೇಳದಿದ್ದರೆ ಈ ಭೂಮಿಪೂಜೆ ನಮ್ಮಿಂದ ಆಗಬಾರದಿತ್ತು.

ನಮ್ಮ ಮಠದ ವಿದ್ಯಾರ್ಥಿನಿಲಯವು ಭಕ್ತರ ಕಾಣಿಕೆಯಿಂದ ನಡೆಯುತ್ತಿತ್ತು. ಸುಗ್ಗಿಯಲ್ಲಿ ಚೀಲಗಟ್ಟಲೆ ಧಾನ್ಯ ಬರುತ್ತಿತ್ತು. ನಾವು ಅದನ್ನು ಉಣಿಸುತ್ತಿದ್ದೆವು, ಹೊಗಳಿಸಿಕೊಳ್ಳುತ್ತಿದ್ದೆವು. 2016ರಲ್ಲಿ ಮಳೆ ಕೈಕೊಟ್ಟಿತು. ಅದರ ಹಿಂದಿನ ವರ್ಷವೂ ಚೆನ್ನಾಗಿರಲಿಲ್ಲ. ಶೇಂಗಾ ಹೂವಿನಲ್ಲಿಯೇ ಒಣಗಿತು. ಕಾಣಿಕೆ ಕೊಡುತ್ತಿದ್ದ ಕೈಗಳು ತಾವೇ ಮಠಕ್ಕೆ ಬಂದು ಚಾಚಿದವು. ಮಠದ ಕೊಳವೆಬಾವಿಯೂ ಬತ್ತಿತು. ನಮಗೆ ತೋಚಿದ್ದು ಒಂದೇ: ಉಗ್ರಾಣದಲ್ಲಿದ್ದ ಅಕ್ಕಿಯನ್ನು ಹಂಚಿಸಿದೆವು; ಅದು ಮುಗಿದ ಮೇಲೆ ಮಕ್ಕಳನ್ನು ಮನೆಗೆ ಕಳುಹಿಸಿದೆವು. ಮಳೆ ಬಂದ ಮೇಲೆ ಕರೆಸಿಕೊಳ್ಳೋಣವೆಂದು ಸಮಾಧಾನ ಹೇಳಿಕೊಂಡೆವು. ಮಳೆ ಬಂತು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರಲಿಲ್ಲ.

ನಾವೇ ಅವರ ಮನೆಗಳನ್ನು ಹುಡುಕಿಕೊಂಡು ಹೊರಟೆವು. ಕೆಲವು ಮನೆಗಳಿಗೆ ಬೀಗ. ಗಂಡಹೆಂಡಿರು ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋಗಿದ್ದರು. ಒಂದು ಮನೆಯಲ್ಲಿ ಎಂಟನೆಯ ತರಗತಿಯಲ್ಲಿ ಓದುತ್ತಿದ್ದ ಹುಡುಗಿಗೆ ಮದುವೆ ಮಾಡಿ ಮುಗಿಸಿದ್ದರು. ಇನ್ನೊಂದು ಮನೆಯಲ್ಲಿ ಕುರಿ ಕಾಯುವ ತಾಯಿಯೊಬ್ಬರು ಸಿಕ್ಕರು. ಅವರ ಮಗ ನಮ್ಮ ನಿಲಯದಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ. ‘ತಾಯೀ, ಹುಡುಗನನ್ನು ಯಾಕೆ ಕಳಿಸಲಿಲ್ಲ?’ ಎಂದು ನಾವು ಕೇಳಿದೆವು. ಆ ತಾಯಿ ಸೆರಗನ್ನು ಹೊದ್ದುಕೊಂಡು, ನೆಲ ನೋಡುತ್ತ ಹೇಳಿದರು: ‘ಬುದ್ಧೀ, ನೀವು ಅಕ್ಕಿ ಕೊಟ್ರಿ, ತಿಂದ್ವಿ. ಅದು ಮುಗೀತು. ಒಂದು ಕೆಲ್ಸ ಕೊಟ್ಟಿದ್ರೆ ನಾವು ಕುರಿ ಮಾರ್ತಿರ್ಲಿಲ್ಲ, ಹುಡ್ಗ ದುಡಿಯಾಕೆ ಹೋಗ್ತಿರ್ಲಿಲ್ಲ.’

ಬಂಧುಗಳೇ, ನಾವು ವ್ಯಾಕರಣ ಓದಿದ್ದೇವೆ, ವೇದಾಂತ ಓದಿದ್ದೇವೆ. ತಿಪ್ಪೇರುದ್ರಸ್ವಾಮಿಗಳ ವಾಣಿಯ ಮೇಲೆ ಎಷ್ಟೋ ಸಭೆಗಳಲ್ಲಿ ವ್ಯಾಖ್ಯಾನ ಮಾಡಿದ್ದೇವೆ. ಅದರ ಅರ್ಥವನ್ನು ನಮಗೆ ತಿಳಿಸಿದ್ದು ಆ ಅಕ್ಷರವರಿಯದ ತಾಯಿ. ನಮ್ಮ ನಿಲಯ ಭಿಕ್ಷೆಯ ಮೇಲೆ ನಿಂತಿತ್ತು. ಆದಕಾರಣ ದುರ್ಭಿಕ್ಷದಲ್ಲಿ ಬಿದ್ದಿತು. ಅದು ನೆಲದ ಮೇಲೆ ನಿಂತಿದ್ದರೆ, ಆ ನೆಲದಲ್ಲಿ ಆ ತಾಯಿಗೂ ದುಡಿಮೆಯಿದ್ದಿದ್ದರೆ, ಕುಗ್ಗುತ್ತಿತ್ತು, ಬೀಳುತ್ತಿರಲಿಲ್ಲ. ಆ ಹುಡುಗ ಇಂದು ಎಲ್ಲಿದ್ದಾನೆಂದು ನಾವು ವಿಚಾರಿಸುತ್ತಲೇ ಇದ್ದೇವೆ. ಅವನ ಗಣಿತದ ಪುಸ್ತಕ ಇನ್ನೂ ನಿಲಯದ ಗೂಡಿನಲ್ಲಿದೆ.

ಆದುದರಿಂದಲೇ ಈ ಊರಿನ ಹಿರಿಯರೂ ಯುವಕರೂ ನಮ್ಮಲ್ಲಿಗೆ ಬಂದು, ದಾನವಾಗಿ ಬಂದ ಈ ಹೊಲದಲ್ಲಿ ಹತ್ತು ಹಳ್ಳಿಯವರು ಕೂಡಿ ಬೇಸಾಯ ಮಾಡುತ್ತೇವೆ, ಅದರಿಂದಲೇ ಮಕ್ಕಳ ನಿಲಯ ನಡೆಸುತ್ತೇವೆ ಎಂದಾಗ ನಮ್ಮ ಕಣ್ಣು ತುಂಬಿತು. ಕಟ್ಟಡದ ನಕ್ಷೆಯನ್ನು ತೋರಿಸಿದರು. ನಾವು, ‘ಮೊದಲು ಹೊಲದ ನಕ್ಷೆ ತೋರಿಸಿರಿ’ ಎಂದೆವು. ಅಂದಿನಿಂದ ಕುಳಿತು ಗೊತ್ತುಮಾಡಿದ ಕೆಲವು ಕಟ್ಟಳೆಗಳನ್ನು ಸಭೆಯ ಮುಂದೆ ಹೇಳುತ್ತೇವೆ. ಎಲ್ಲರೂ ಕೇಳಿ ನೆನಪಿಡಿ. ನಾಳೆ ನಾವೇ ಮೀರಿದರೂ ಕೈಹಿಡಿದು ಕೇಳಿ.

ಮೊದಲನೆಯದು, ನೀರು. ಗೋಡೆ ಏಳುವ ಮೊದಲು ಬದು ಏಳಬೇಕು. ಇಳಿಜಾರಿಗೆ ಅಡ್ಡಲಾಗಿ ಬದು, ತಗ್ಗಿನಲ್ಲಿ ಕೃಷಿಹೊಂಡ. ಕೊಳವೆಬಾವಿಯನ್ನು ನೂರಾರು ಅಡಿ ಕೊರೆಸುವುದನ್ನು ನೀವು ನೋಡಿದ್ದೀರಿ. ಆಳಕ್ಕೆ ಹೋದಷ್ಟೂ ಈ ಸೀಮೆಯ ಎಷ್ಟೋ ಕಡೆ ಫ್ಲೋರೈಡ್ ಇರುವ ನೀರು ಬರುತ್ತದೆ; ಹಲ್ಲು ಕಂದುತ್ತದೆ, ಮೂಳೆ ಬಾಗುತ್ತದೆ. ಮೇಲಿನಿಂದ ಬೀಳುವ ನೀರು ಕಡಿಮೆಯಾದರೂ ಅಮೃತ. ಬಿದ್ದದ್ದನ್ನು ಬಿದ್ದಲ್ಲಿಯೇ ನಿಲ್ಲಿಸುವುದು ಇಲ್ಲಿನ ಮೊದಲ ಕಾಯಕ. ಬದುವಿನ ಮೇಲೆ ಹುಣಸೆ, ಬೇವು, ಹೊಂಗೆ. ನಿಲಯದ ಚಾವಣಿಯ ನೀರು ತೊಟ್ಟಿಗೆ.

ಎರಡನೆಯದು, ಬೆಳೆ. ಶೇಂಗಾ ನಿಮಗೆ ರೊಕ್ಕ ಕೊಟ್ಟಿದೆ. ಚಳ್ಳಕೆರೆಯ ಎಣ್ಣೆ ಗಾಣಗಳಿಗೆ ಹೆಸರು ತಂದಿದೆ. ಅದನ್ನು ಬಿಡಿರೆಂದು ನಾವು ಹೇಳುವುದಿಲ್ಲ. ಆದರೆ ಇಡೀ ಹೊಲವನ್ನು ಒಂದೇ ಬೆಳೆಯ ಕೈಗೆ ಕೊಟ್ಟವನು, ಒಂದೇ ಕಂಬದ ಮೇಲೆ ಮಾಳಿಗೆ ಕಟ್ಟಿದವನಂತೆ. ನಿಮ್ಮ ಅಜ್ಜಿಯರು ನವಣೆ, ಸಜ್ಜೆ, ಹಾರಕ, ಸಾವೆ ಬೆಳೆದು ಉಣ್ಣುತ್ತಿದ್ದರು. ಹೊಟ್ಟೆಗೆ ಬಡವರ ಕಾಳೆಂದು ನಾವು ಅವನ್ನು ಬಿಟ್ಟೆವು. 2023ನೆಯ ಇಸವಿಯನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಪರದೇಶದವರು ಹೇಳಿದ ಮೇಲೆ ಅಜ್ಜಿಯ ಮಾತು ನಮಗೆ ಹಿತವಾಯಿತು! ಈ ತೋಟದಲ್ಲಿ ಶೇಂಗಾದ ನಡುವೆ ತೊಗರಿಯ ಸಾಲಿರಲಿ, ಒಂದು ಪಾಲು ನವಣೆ ಸಜ್ಜೆಗಿರಲಿ, ಹಿಂಗಾರಿಗೆ ಹುರುಳಿಯಿರಲಿ. ಒಂದು ಹೋದರೆ ಇನ್ನೊಂದು ಉಳಿಯಲಿ. ಬೀಜವನ್ನು ತಾಯಂದಿರು ಬೂದಿ, ಬೇವಿನೆಲೆ ಹಾಕಿ ಕಾದಿಡಲಿ. ಬೇಸಿಗೆಯಲ್ಲಿ ಕುರಿಗಾರರು ಮಂದೆ ತಂದು ಹೊಲದಲ್ಲಿ ನಿಲ್ಲಿಸಲಿ. ಅವರಿಗೆ ನಿಲಯದಿಂದ ಕಾಳು ಸಲ್ಲಲಿ. ಗೊಬ್ಬರಕ್ಕೆ ಗೊಬ್ಬರ, ಕುರಿಗಾರರ ಮಕ್ಕಳಿಗೆ ಶಾಲೆಯ ಪರಿಚಯ.

ಮೂರನೆಯದು, ಕೂಲಿ. ಇಲ್ಲಿ ದುಡಿಯಬಲ್ಲ ಯಾರಿಗೂ ಪುಕ್ಕಟೆಯಿಲ್ಲ. ದುಡಿಯಲಾರದ ಯಾರಿಗೂ ಅಳತೆಯಿಲ್ಲ. ಮುದುಕರು, ರೋಗಿಗಳು, ಬಾಣಂತಿಯರು, ಮಕ್ಕಳು ಬಂದರೆ ಬಡಿಸುವ ಸೌಟನ್ನು ತಡೆಯಬಾರದು. ಗಟ್ಟಿಮುಟ್ಟಾದವರು ಬಂದರೆ ಕೈಗೆ ಕೆಲಸ ಕೊಡಬೇಕು. ಬರಗಾಲದ ವರ್ಷದಲ್ಲಿ ಅದನ್ನು ಹೆಚ್ಚಾಗಿ ಕೊಡಬೇಕು. ಹೊಂಡದ ಹೂಳು ತೆಗೆಯುವುದು, ಬದು ಸರಿಮಾಡುವುದು ಬರದಲ್ಲಿಯೇ ಆಗುವ ಕೆಲಸಗಳು. ಗಂಡಾಳಿಗೆಷ್ಟೋ ಹೆಣ್ಣಾಳಿಗೂ ಅಷ್ಟೇ. ಲಕ್ಕಮ್ಮನ ಲೆಕ್ಕದಲ್ಲಿ ಗಂಡುಹೆಣ್ಣೆಂಬ ಎರಡು ತಕ್ಕಡಿಯಿರಲಿಲ್ಲ. ತಿಂಗಳಿಗೊಮ್ಮೆ ಅಮಾವಾಸ್ಯೆಯ ಸಂಜೆ ಲೆಕ್ಕದ ಪುಸ್ತಕವನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಬೇಕು. ಓದುವವರು ನಿಲಯದ ಮಕ್ಕಳೇ ಆಗಬೇಕು. ಅವರಿಗೆ ಅದೇ ಗಣಿತದ ಪಾಠ, ಅದೇ ಧರ್ಮದ ಪಾಠ.

ನಾಲ್ಕನೆಯದು, ಮಕ್ಕಳು. ಇದನ್ನು ಎಚ್ಚರದಿಂದ ಕೇಳಿ. ಮಕ್ಕಳಿಗೆ ಮಣ್ಣಿನ ಪರಿಚಯ ಬೇಕು. 1937ರಲ್ಲಿ ವಾರ್ಧಾದಲ್ಲಿ ಮಹಾತ್ಮಾ ಗಾಂಧೀಜಿಯವರು ಕೈಕೆಲಸದ ಮೂಲಕವೇ ವಿದ್ಯೆ ಬರಬೇಕೆಂದು ನಯೀ ತಾಲೀಮನ್ನು ದೇಶದ ಮುಂದಿಟ್ಟರು. ಆದರೆ ಆಳು ಉಳಿಸುವ ಆಸೆಯಿಂದ ಮಕ್ಕಳನ್ನು ಹೊಲಕ್ಕೆ ನೂಕಿದರೆ ಅದು ಕಾಯಕವಲ್ಲ, ಪಾಪ. ಬೆಳಿಗ್ಗೆ ಒಂದು ತಾಸು ಗಿಡಕ್ಕೆ ನೀರು, ಮಳೆಯ ಅಳತೆ, ಮಣ್ಣಿನ ಪರೀಕ್ಷೆ, ಅಷ್ಟೇ. ಪಾಠದ ಹೊತ್ತು ಪಾಠಕ್ಕೆ. ಶೇಂಗಾ ಕೀಳುವ ಕಾಲದಲ್ಲಿಯೂ ಪಾಠಕ್ಕೇ. ಈ ನಿಲಯದಲ್ಲಿ ಲಿಂಗವಂತರ ಮಕ್ಕಳ ಜೊತೆಗೆ ನಾಯಕರ, ಕಾಡುಗೊಲ್ಲರ, ಕುರುಬರ, ಹರಿಜನ ಗಿರಿಜನರ, ಮೊಳಕಾಲ್ಮೂರಿನ ನೇಕಾರರ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಸೀರೆಗೆ ಸಿಕ್ಕ ಮರ್ಯಾದೆ ಅದನ್ನು ನೇಯ್ದವನ ಮಗುವಿಗೂ ಸಿಗಬೇಡವೆ? ಹೆಣ್ಣುಮಕ್ಕಳ ನಿಲಯ ಎರಡನೆಯ ಹಂತದಲ್ಲಿ ಎಂದು ಕಾಗದದಲ್ಲಿ ಬರೆದಿದ್ದರು. ನಾವು ಅದನ್ನು ತಿದ್ದಿಸಿದ್ದೇವೆ. ಎರಡೂ ಒಟ್ಟಿಗೆ ಏಳುತ್ತವೆ, ಇಲ್ಲವಾದರೆ ಮೊದಲು ಹೆಣ್ಣುಮಕ್ಕಳದೇ ಏಳುತ್ತದೆ.

ಇಷ್ಟು ಕೇಳಿದ ಮೇಲೆ ಕೆಲವರ ಮನಸ್ಸಿನಲ್ಲಿ ಒಂದು ಸಂಶಯ ಇರಬಹುದು. ಮೊನ್ನೆ ಯುವಕನೊಬ್ಬ ನಮ್ಮನ್ನು ನೇರವಾಗಿಯೇ ಕೇಳಿದ: ‘ಬುದ್ಧೀ, ಓದೋದೇ ಈ ಹೊಲ ಬಿಟ್ಟು ಹೋಗೋಕೆ. ನೀವು ಮತ್ತೆ ಹೊಲಕ್ಕೇ ಕಟ್ಟಿ ಹಾಕ್ತೀರಲ್ಲ?’ ಪ್ರಶ್ನೆ ನ್ಯಾಯವಾದದ್ದು. ಅವನ ಬೆರಳು ತೋರಿದ್ದು ಕುದಾಪುರದ ಕಡೆಗೆ.

ಒಂದು ಕಾಲಕ್ಕೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳಲ್ಲಿ ಇಂದು ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದು ನೆಲೆಸಿವೆ. ಭಾರತೀಯ ವಿಜ್ಞಾನ ಸಂಸ್ಥೆಗೆ ಅಲ್ಲಿ 1,500 ಎಕರೆಯ ಆವರಣವಿದೆ. ಸರ್ಕಾರಿ ಶಾಲೆಯ ಶಿಕ್ಷಕರಿಗೆ ಅಲ್ಲಿ ವಿಜ್ಞಾನದ ತರಬೇತಿ ಕೊಡುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋದವರು ರೆಕ್ಕೆಯುಳ್ಳ ಆಕಾಶನೌಕೆಯೊಂದನ್ನು ಹೆಲಿಕಾಪ್ಟರಿನಿಂದ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ಹುಡುಕಿಕೊಂಡು ನಿಮ್ಮ ಚಳ್ಳಕೆರೆಯ ಓಡುಹಾದಿಯ ಮೇಲೆ ಇಳಿಯಿತು. ಇದು ನಮಗೆಲ್ಲ ಹೆಮ್ಮೆಯ ವಿಷಯ. ಆದರೆ ಕಾವಲು ಹೋದಾಗ ಮೇವು ಹೋಯಿತೆಂಬ ಕುರಿಗಾರರ ಸಂಕಟವೂ ಸತ್ಯ. ಅದನ್ನು ಹೇಳಿಕೊಂಡು ಅವರು ನ್ಯಾಯಪೀಠದ ಬಾಗಿಲಿನವರೆಗೆ ಹೋದದ್ದೂ ಸತ್ಯ. ಆ ವಾದಕ್ಕೆ ನಾವು ಇಂದು ಕೈಹಾಕುವುದಿಲ್ಲ. ನಾವು ಕೇಳುವುದು ಒಂದೇ ಪ್ರಶ್ನೆ. ಗೋಡೆ ಎದ್ದಿದೆ. ಆ ಗೋಡೆಯ ಒಳಕ್ಕೆ ನಿಮ್ಮ ಮಗು ಹೇಗೆ ಹೋಗಬೇಕು? ಕಾವಲುಗಾರನಾಗಿಯೋ, ಕಸ ಗುಡಿಸಲೋ, ಅಥವಾ ವಿಜ್ಞಾನಿಯಾಗಿಯೋ? ಕಾವಲುಗಾರಿಕೆಯೂ ಕಾಯಕವೇ, ಗುಡಿಸುವುದೂ ಕಾಯಕವೇ. ನಾವು ಯಾವುದನ್ನೂ ಕೀಳೆನ್ನುವುದಿಲ್ಲ. ಆದರೆ ಬೇರೆ ದಾರಿಯಿಲ್ಲದೆ ಮಾಡುವುದು ಒಂದು, ಆರಿಸಿಕೊಂಡು ಮಾಡುವುದು ಇನ್ನೊಂದು.

ಆದಕಾರಣ ಆ ಯುವಕನಿಗೆ ನಾವು ಕೊಟ್ಟ ಉತ್ತರ ಇದು: ಮಗೂ, ಈ ಹೊಲ ನಿನ್ನನ್ನು ಕಟ್ಟಿಹಾಕುವ ಗೂಟವಲ್ಲ. ನೀನು ಎಷ್ಟು ಓದಬೇಕೆಂದಿರುವೆಯೋ ಅಷ್ಟರವರೆಗೆ ನಿನ್ನ ತಟ್ಟೆಗೆ ಅನ್ನ ಬರಲಿ ಎಂದು ಈ ಹೊಲ. ಬರಗಾಲ ಅಟ್ಟಿದ್ದರಿಂದ ಊರು ಬಿಡುವವನು ಗುಳೆ ಹೋದವನು. ವಿದ್ಯೆ ಕರೆದದ್ದರಿಂದ ಹೊರಡುವವನು ಊರೇ ಕಳುಹಿಸಿಕೊಟ್ಟವನು. ಇಬ್ಬರೂ ಹತ್ತುವುದು ಅದೇ ಬಸ್ಸು. ಆದರೆ ಇಬ್ಬರ ಪ್ರಯಾಣ ಒಂದೇ ಅಲ್ಲ. ಉಳಿದು ಬೇಸಾಯ ಮಾಡುವವನೂ ಓದಿ, ಅರಿತು ಮಾಡಲಿ.

ಇದು ಆಗುವ ಮಾತೇ ಎಂದು ಕೇಳುವಿರಾದರೆ, ನಿಮ್ಮ ಮಗ್ಗುಲಲ್ಲಿಯೇ ನಿದರ್ಶನವಿದೆ. ವೇದಾವತಿಯ ದಡದ ಬೆಳಗೆರೆಯಲ್ಲಿ ಕೃಷ್ಣಶಾಸ್ತ್ರಿಗಳೆಂಬ ಮೇಷ್ಟ್ರು ಇದ್ದರು. 1916ರಲ್ಲಿ ಹುಟ್ಟಿ 2013ರವರೆಗೆ ಬಾಳಿದವರು, ಗಾಂಧಿಮಾರ್ಗದವರು, ಮುಕುಂದೂರು ಸ್ವಾಮಿಗಳನ್ನು ಕುರಿತು ‘ಯೇಗ್ದಾಗೆಲ್ಲಾ ಐತೆ’ ಎಂಬ ಪುಸ್ತಕ ಬರೆದವರು. ಪೇಟೆ ಸೇರಿ ಸುಖವಾಗಿರಬಹುದಾಗಿದ್ದ ಅವರು ತಮ್ಮ ಹಳ್ಳಿಯಲ್ಲಿಯೇ ಶಾರದಾ ಮಂದಿರವೆಂಬ ಶಾಲೆ ಕಟ್ಟಿದರು. ಇತ್ತ ತುಮಕೂರಿನ ಸಿದ್ಧಗಂಗೆಯಲ್ಲಿ ಪರಮಪೂಜ್ಯ ಶಿವಕುಮಾರ ಮಹಾಸ್ವಾಮಿಗಳವರು ಹಳ್ಳಿಹಳ್ಳಿಗೆ ಬಿಜಯಂಗೈದು ಭಕ್ತರು ಕೊಟ್ಟ ರಾಗಿಯನ್ನು ತಂದು, ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ಉಣಿಸಿ ಓದಿಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಆ ಊಟ ಉಂಡವರು ದೇಶದ ಮೂಲೆಮೂಲೆಯಿಂದ ಬಂದು ಅತ್ತರು. 2002ರಲ್ಲಿ ಸರ್ಕಾರ ಶಾಲೆಗಳಲ್ಲಿ ಬಿಸಿಯೂಟ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರೇನು? ಅಕ್ಷರದಾಸೋಹ. ಶರಣರ ಮಾತು ಸರ್ಕಾರದ ಕಡತಕ್ಕೂ ಹೋಯಿತು. ನಮ್ಮ ಹೊಲಕ್ಕೆ ಬರುವುದು ಮಾತ್ರ ಬಾಕಿ ಇತ್ತು, ಇಂದು ಬಂದಿದೆ.

ಭೃಗುವೆಂಬ ಋಷಿಕುಮಾರ ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ತಿಳಿಸೆಂದು ಕೇಳಿದ ಕಥೆ ತೈತ್ತಿರೀಯ ಉಪನಿಷತ್ತಿನಲ್ಲಿದೆ. ತಪಸ್ಸು ಮಾಡಿ ತಿಳಿದುಕೋ ಎಂದು ತಂದೆ ಹೇಳಿದ. ಮಗ ಮೊದಲು ಕಂಡದ್ದು ಅನ್ನವನ್ನು. ಅಲ್ಲಿಂದ ಪ್ರಾಣ, ಮನಸ್ಸು, ವಿಜ್ಞಾನ, ಆನಂದ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರಿದ. ಆನಂದವನ್ನು ಕಂಡ ಮೇಲೆಯೂ ಉಪನಿಷತ್ತು ಅನ್ನವನ್ನು ಮರೆಯಲಿಲ್ಲ. ಅನ್ನವನ್ನು ನಿಂದಿಸಬೇಡ, ಅನ್ನವನ್ನು ಹೆಚ್ಚಿಸು, ಮನೆಗೆ ಬಂದವನನ್ನು ಇಲ್ಲವೆಂದು ಕಳುಹಿಸಬೇಡ ಎಂದು ವ್ರತಗಳನ್ನು ವಿಧಿಸಿತು. ಮೊದಲ ಮೆಟ್ಟಿಲು ಮುರಿದರೆ ವಿಜ್ಞಾನದ ಮೆಟ್ಟಿಲಿಗೆ ಕಾಲಿಡುವುದಾದರೂ ಹೇಗೆ? ಈ ಹೊಲ ಮೊದಲ ಮೆಟ್ಟಿಲು. ಆ ನಿಲಯ ಅದರ ಮೇಲಿನದು.

ಇನ್ನು ನಿಮ್ಮಿಂದ ನಾವು ಬೇಡುವ ಭಿಕ್ಷೆ. ರೊಕ್ಕದ ಮಾತನ್ನು ಕೊನೆಗೆ ಆಡೋಣ. ಮೊದಲು ಪ್ರತಿ ಮನೆಯಿಂದ ತಿಂಗಳಿಗೆ ಒಂದು ದಿನದ ದುಡಿಮೆ ಬೇಕು. ಎರಡನೆಯದಾಗಿ, ಪ್ರತಿ ಸುಗ್ಗಿಯಲ್ಲಿ ಒಂದು ಸೇರು ನಾಟಿ ಬೀಜ ಬೇಕು. ಮೂರನೆಯದಾಗಿ ಒಂದು ವಚನ ಬೇಕು: ಬರ ಬರಲಿ, ಸುಗ್ಗಿ ಬರಲಿ, ನಮ್ಮ ಮಗುವನ್ನು ಶಾಲೆಯಿಂದ ಬಿಡಿಸುವುದಿಲ್ಲ, ಹದಿನೆಂಟು ತುಂಬುವ ಮೊದಲು ಮಗಳಿಗೆ ಬಾಸಿಂಗ ಕಟ್ಟುವುದಿಲ್ಲ ಎಂದು. ಕಷ್ಟ ಬಂದರೆ ಮಗುವನ್ನು ಬಿಡಿಸುವ ಮೊದಲು ಈ ತೋಟಕ್ಕೆ ಬನ್ನಿ, ಕೆಲಸ ಕೇಳಿ. ಇಲ್ಲವೆಂದರೆ ಮಠಕ್ಕೆ ಬಂದು ನಮ್ಮನ್ನು ಕೇಳಿ.

ನಿಮ್ಮಿಂದ ಬೇಡಿದ ಮೇಲೆ ನಾವೂ ಕೊಡಬೇಕಲ್ಲವೆ? ಈ ಸಲದ ಜಾತ್ರೆಯಲ್ಲಿ ನಮ್ಮನ್ನು ಅಡ್ಡಪಲ್ಲಕ್ಕಿಯಲ್ಲಿ ಕೂಡಿಸಿ ವಾದ್ಯವೈಭವದಿಂದ ಉತ್ಸವ ಮಾಡಬೇಕೆಂದು ಭಕ್ತರು ಹಣ ಕೂಡಿಸಿದ್ದಾರೆಂದು ತಿಳಿದುಬಂತು. ಭಕ್ತಿ ದೊಡ್ಡದು. ಆದರೆ ಮಕ್ಕಳನ್ನು ಮನೆಗೆ ಕಳುಹಿಸಿದ ಸ್ವಾಮಿಗಳಿಗೆ ಪಲ್ಲಕ್ಕಿ ಒಪ್ಪುವುದಿಲ್ಲ. ಆ ಹಣ ಈ ಹೊಲದ ಹೊಂಡಕ್ಕೆ ಸಲ್ಲಲಿ. ಹೊಂಡ ತುಂಬಿ, ನವಣೆ ತೆನೆ ಬಾಗಿ, ನಿಲಯದ ಮಕ್ಕಳು ಅದೇ ನವಣೆಯ ಅನ್ನವನ್ನು ಉಂಡು ಪರೀಕ್ಷೆಗೆ ಹೊರಡುವ ದಿನ ನಾವು ನಡೆದುಕೊಂಡೇ ಇಲ್ಲಿಗೆ ಬರುತ್ತೇವೆ. ಅಂದು ನಮಗೂ ಒಂದು ಬುಟ್ಟಿ ಮಣ್ಣು ಹೊರುವ ಅವಕಾಶ ಕೊಡಿ. ಹೊತ್ತ ಮೇಲೆ ಒಂದು ಹಿಡಿ ಪ್ರಸಾದ ನೀಡಿ. ಮಾಡಿದಷ್ಟೇ ನೀಡಿ, ಹೆಚ್ಚು ಬೇಡ.

ಗುದ್ದಲಿ ಇಂದು ಪುಟಿದಿದೆ. ನಾಳೆ ಹತ್ತು ಹಳ್ಳಿಯ ಕೈಗಳು ಕೂಡಿ ಹಾಕಿದರೆ ನೆಲ ಮಾತು ಕೇಳಿಯೇ ಕೇಳುತ್ತದೆ. ಗುರು ತಿಪ್ಪೇರುದ್ರಸ್ವಾಮಿಗಳ ಕೃಪೆಯಿಂದಲೂ ಬಸವಾದಿ ಶರಣರ ಆಶೀರ್ವಾದದಿಂದಲೂ ಈ ಸೀಮೆಯಲ್ಲಿ ಕಾಲಕಾಲಕ್ಕೆ ಮಳೆಯಾಗಲಿ. ಆಗದ ಕಾಲದಲ್ಲಿಯೂ ಒಂದು ಮಗುವೂ ಶಾಲೆ ಬಿಡದಂಥ ಸುಭಿಕ್ಷ ನಿಮ್ಮದಾಗಲಿ ಎಂದು ಹಾರೈಸಿ ನಮ್ಮ ಮಾತುಗಳಿಗೆ ಮಂಗಳ ಹಾಡುತ್ತೇವೆ.